ಮೊದಲ ಸಲ ಬಾಸೆಲ್‌ಗೆ: ಮೊಳೆ ಜೋಡಿಸಿದವರ ಹೆಸರು ಹುಡುಕಲು 12 ದಿನ ಸಾಕೇ?

ಮೊಳೆಗೂಡು (ಚರ್ಚೆ ಆರಂಭಿಸಿದವರು)

ಮಾನ್ಯರೇ, ನಾನು ಬೆಂಗಳೂರಿನಲ್ಲಿ ಇತಿಹಾಸದ ಸಂಶೋಧನಾ ವಿದ್ಯಾರ್ಥಿನಿ; ಪಿಎಚ್‌.ಡಿ.ಯ ಮೂರನೆಯ ವರ್ಷ ನಡೆಯುತ್ತಿದೆ. ಇನ್ನು ಮೂರು ವಾರಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಹೊರಟಿದ್ದೇನೆ. ದೇಶದ ಗಡಿ ದಾಟುತ್ತಿರುವುದು ಇದೇ ಮೊದಲು, ನಮ್ಮ ಮನೆಗೆ ಪಾಸ್‌ಪೋರ್ಟ್ ಎಂಬುದು ಬಂದದ್ದೂ ನನ್ನ ಹೆಸರಿನಲ್ಲೇ ಮೊದಲು. ಹೋಗುತ್ತಿರುವುದು ನಮ್ಮ ಕರಾವಳಿಗೆ ಪಾದ್ರಿಗಳನ್ನು ಕಳಿಸಿದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ದಾಖಲಾಗಾರಕ್ಕೆ. ಓಡಾಟದ ದಿನಗಳನ್ನು ಕಳೆದರೆ ಕಡತಗಳ ಮುಂದೆ ಕೂರಲು ಸಿಗುವುದು 12 ದಿನ.

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 19ನೆಯ ಶತಮಾನದಲ್ಲಿ ದುಡಿದ ಕೆಲಸಗಾರರು ನನ್ನ ವಿಷಯ. ಅಲ್ಲಿಯೇ ಅಚ್ಚಾದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದಾಗ ಅದರಲ್ಲಿ ಸುಮಾರು 70,000 ಪದಗಳಿದ್ದವು, ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳಿದ್ದವು. ಪ್ರತಿಯೊಂದು ಪುಟದಲ್ಲೂ ಕನ್ನಡದ ಮೊಳೆ (ಅಚ್ಚಿಗೆಂದು ಸೀಸದಲ್ಲಿ ಎರಕ ಹೊಯ್ದ ಅಕ್ಷರ) ಮತ್ತು ರೋಮನ್ ಮೊಳೆ ಪಕ್ಕಪಕ್ಕದಲ್ಲಿ ಕೂತಿವೆ. ಕಿಟ್ಟೆಲ್ ಅವರಿಗೆ ಮಹಾತ್ಮ ಗಾಂಧಿ ರಸ್ತೆಯಲ್ಲಿ ಪ್ರತಿಮೆಯಿದೆ, ಅದು ನ್ಯಾಯವೇ. ಆದರೆ ಆ ಪುಟಗಳನ್ನು ಬೆರಳಿನಿಂದ ಕಟ್ಟಿದವರು ಯಾರು, ಅವರಿಗೆ ಎಷ್ಟು ಸಂಬಳವಿತ್ತು, ಅವರು ಯಾವ ಕೇರಿಯಿಂದ ಬರುತ್ತಿದ್ದರು ಎಂಬುದು ನನ್ನ ಪ್ರಶ್ನೆ. ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ತಾತ ಬಳೇಪೇಟೆಯ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಮೊಳೆ ಜೋಡಿಸಿದವರು. ತಲೆಕೆಳಗಾದ ಕನ್ನಡವನ್ನು ನಾವು ನೇರವಾದದ್ದನ್ನು ಓದುವಷ್ಟೇ ಸಲೀಸಾಗಿ ಓದುತ್ತಿದ್ದರು, ಒತ್ತಕ್ಷರ ಜಾಸ್ತಿಯಿರುವ ಲೇಖಕರನ್ನು ಕಂಡರೆ ಸಿಡುಕುತ್ತಿದ್ದರು. ಅವರು ಕಟ್ಟಿದ ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ.

ಈಗ ಭಯ ಶುರುವಾಗಿದೆ. ಮಿಷನರಿಗಳ ಪತ್ರಗಳೆಲ್ಲ ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿವೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎರಡು ವರ್ಷ ಕಲಿತ ಜರ್ಮನ್ ಅಚ್ಚಿನ ಪುಟದ ಮೇಲೆ ನಡೆಯುತ್ತದೆ, ಈ ಬರಹದ ಮುಂದೆ ಕುಂಟುತ್ತದೆ. ರಾತ್ರಿ ಮಲಗಿದರೆ, ಮೊದಲ ದಿನ ಪೆಟ್ಟಿಗೆ ತೆರೆದು ಒಂದು ಸಾಲನ್ನೂ ಓದಲಾರದೆ ಕೂತಿರುವ ಹಾಗೆ ಕನಸು ಬೀಳುತ್ತದೆ. ಹಾಗೆಂದು ಖುಷಿ ಇಲ್ಲವೆಂದಲ್ಲ; ಖುಷಿ ಯಾವುದು, ಹೆದರಿಕೆ ಯಾವುದು ಎಂದು ಬಿಡಿಸಿ ಹೇಳಲು ಬರುತ್ತಿಲ್ಲ, ಅಷ್ಟೆ. ಹೋಗಿ ಬಂದವರು ಅಥವಾ ಇಂಥದ್ದೇ ಬೇರೆ ದಾಖಲಾಗಾರಗಳಲ್ಲಿ ಕೂತವರು, ಹೋಗುವ ಮುಂಚೆ ಏನು ಮಾಡಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿತೋ ಅದನ್ನು ದಯವಿಟ್ಟು ತಿಳಿಸಬೇಕು.

ಜಯನಗರದ ಓದುಗ

ಅಭಿನಂದನೆಗಳು. ಒಂದು ಅಪ್ರಿಯ ಪ್ರಶ್ನೆಯನ್ನು ಮೊದಲೇ ಕೇಳಿಬಿಡುತ್ತೇನೆ, ಬೇಸರಿಸಬೇಡಿ. ಆ ದಾಖಲಾಗಾರದ ಸಾವಿರಾರು ಛಾಯಾಚಿತ್ರಗಳು ಬಹಳ ಹಿಂದೆಯೇ ಅಂತರಜಾಲಕ್ಕೆ ಬಂದಿವೆ, ಕಡತಗಳ ಸೂಚಿಯೂ ಅಲ್ಲಿಯೇ ಸಿಗುತ್ತದೆ. ಬೇಕಾದ ಪತ್ರಗಳ ಪ್ರತಿ ತರಿಸಿಕೊಂಡು ಬೆಂಗಳೂರಿನಲ್ಲೇ ಕೂತು ಓದಬಹುದಲ್ಲವೇ? ವಿಮಾನ, ವಸತಿ, ವೀಸಾ ಇವಕ್ಕೆ ಆಗುವ ಖರ್ಚಿನಲ್ಲಿ ಜರ್ಮನ್ ಕೈಬರಹ ಬಲ್ಲವರೊಬ್ಬರಿಗೆ ಸಂಭಾವನೆ ಕೊಟ್ಟು ಲಿಪ್ಯಂತರ ಮಾಡಿಸಬಹುದು.

ಹಳೆ ಕಡತ

ನಾನು ಬೇರೊಂದು ವಿಷಯಕ್ಕಾಗಿ ಅದೇ ದಾಖಲಾಗಾರದಲ್ಲಿ ಆರು ವಾರ ಕೂತು ಬಂದವನು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಜಯನಗರದ ಓದುಗರಿಗೆ ಉತ್ತರ. ಯಾವ ಪತ್ರ ಬೇಕೆಂದು ಗೊತ್ತಿದ್ದವರು ಪ್ರತಿ ತರಿಸಿಕೊಳ್ಳಬಹುದು. ಇವರು ಹುಡುಕುತ್ತಿರುವವರು ಸೂಚಿಯಲ್ಲಿ ಇರುವ ಜನರಲ್ಲ. ಸೂಚಿಯನ್ನು ಮಾಡಿದವರು ಪತ್ರ ಬರೆದ ಮಿಷನರಿಯ ಹೆಸರನ್ನು ದಾಖಲಿಸುತ್ತಾರೆ, ಊರು ಮತ್ತು ವರ್ಷವನ್ನು ದಾಖಲಿಸುತ್ತಾರೆ. ಆ ಪತ್ರದ ನಾಲ್ಕನೆಯ ಹಾಳೆಯಲ್ಲಿ ಜ್ವರ ಬಂದು ಹದಿನೈದು ದಿನ ಕೆಲಸಕ್ಕೆ ಬಾರದ ಒಬ್ಬ ಮೊಳೆ ಜೋಡಿಸುವವನ ವಿಷಯ ಬಂದರೆ ಅದು ಸೂಚಿಗೆ ಏರುವುದಿಲ್ಲ. ಅಂಥವನನ್ನು ಹುಡುಕಬೇಕೆಂದರೆ ಹಾಳೆಗಳನ್ನು ಒಂದೊಂದಾಗಿ ತಿರುವಬೇಕು, ಬೇರೆ ದಾರಿಯಿಲ್ಲ.

ಇನ್ನು ಕುರೆಂಟ್. ಅದರಲ್ಲಿ ‘ಇ’ (e) ಅಕ್ಷರ ನಮ್ಮ ಕಣ್ಣಿಗೆ ‘ಎನ್’ (n) ಆಗಿ ಕಾಣುತ್ತದೆ. ‘ಯು’ ಮತ್ತು ‘ಎನ್’ ಬೇರೆಯೆಂದು ತಿಳಿಯಲಿ ಎಂದು ‘ಯು’ ಮೇಲೊಂದು ಸಣ್ಣ ಕೊಂಕು ಹಾಕಿರುತ್ತಾರೆ, ಅವಸರದಲ್ಲಿ ಬರೆದವರು ಅದನ್ನೂ ಬಿಟ್ಟಿರುತ್ತಾರೆ. ‘ಎಸ್’ ಪದದ ನಡುವೆ ಒಂದು ರೂಪದಲ್ಲಿ, ಕೊನೆಯಲ್ಲಿ ಇನ್ನೊಂದು ರೂಪದಲ್ಲಿ ಬರುತ್ತದೆ. ಇದನ್ನು ನೋಡಿ ನೋಡಿ ಕಲಿಯುವುದು ನಿಧಾನ, ಬರೆದು ಕಲಿಯಿರಿ. ದಿನಕ್ಕೆ ಒಂದು ಪುಟ, ಮೂರು ವಾರ, ನಿಮ್ಮ ಕೈಯಿಂದಲೇ ಕುರೆಂಟಿನಲ್ಲಿ ಬರೆಯಿರಿ. ಕೈಗೆ ಬಂದದ್ದು ಕಣ್ಣಿಗೂ ಬರುತ್ತದೆ. ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶ ಹಳೆಯ ಕೈಬರಹವನ್ನು ಓದಿಕೊಡುತ್ತದೆ, ಅದನ್ನು ಬಳಸಲೂಬಹುದು. ಆದರೆ ನಮ್ಮ ಊರಿನ ಹೆಸರುಗಳು ಬಂದಲ್ಲೆಲ್ಲ ಅದು ಎಡವುವುದನ್ನು ಕಂಡಿದ್ದೇನೆ, ನಿಮಗೆ ಬೇಕಾಗಿರುವುದು ಅದೇ ಹೆಸರುಗಳು.

ನನಗೆ ನಾಲ್ಕನೆಯ ವಾರದಲ್ಲಿ ಹೊಳೆದದ್ದನ್ನು ನೀವು ಮೊದಲ ದಿನವೇ ಬಳಸಿಕೊಳ್ಳಲಿ ಎಂದು ಹೇಳುತ್ತೇನೆ. ಜರ್ಮನ್ ಭಾಷೆಯನ್ನು ಕುರೆಂಟಿನಲ್ಲಿ ಬರೆಯುತ್ತಿದ್ದವರು ಹೊರಭಾಷೆಯ ಪದಗಳನ್ನೂ ಹೆಸರುಗಳನ್ನೂ ಹಲವು ಸಲ ಲ್ಯಾಟಿನ್ ಲಿಪಿಗೆ ಬದಲಾಯಿಸಿಕೊಂಡು ಬರೆಯುತ್ತಿದ್ದರು, ಅದು ಆ ಕಾಲದ ರೂಢಿ. ಎಂದರೆ ಓದಲಾಗದ ಪುಟದ ನಡುವೆ ಓದಲಾಗುವ ನಾಲ್ಕೈದು ಪದಗಳು ಥಟ್ಟನೆ ಎದ್ದು ಕಾಣುತ್ತವೆ. ಪೂರ್ತಿ ಓದದೆಯೂ ಪುಟವನ್ನು ಜರಡಿ ಹಿಡಿಯಬಹುದು. ಹೆಸರು ಕಂಡ ಕಡೆ ನಿಲ್ಲಿ, ಆ ಸುತ್ತಿನ ಹತ್ತು ಸಾಲು ಓದಿ, ಚಿತ್ರ ತೆಗೆಯಲು ಅನುಮತಿಯಿದ್ದರೆ ತೆಗೆದುಕೊಂಡು ಮುಂದೆ ಹೋಗಿ. ಚಿತ್ರ ತೆಗೆಯುವ ಮುಂಚೆ ಪೆಟ್ಟಿಗೆಯ ಮೇಲಿನ ಸಂಖ್ಯೆಯ ಚಿತ್ರವನ್ನು ತೆಗೆಯಲು ಮರೆಯಬೇಡಿ. ನಾನು ಮರೆತು, ಬೆಂಗಳೂರಿಗೆ ಬಂದ ಮೇಲೆ ಇನ್ನೂರು ಚಿತ್ರಗಳ ತಾಯಿತಂದೆ ಯಾರೆಂದು ತಿಳಿಯದೆ ಒದ್ದಾಡಿದ್ದೇನೆ.

ಕಾಗುಣಿತದ ಬಗ್ಗೆಯೂ ಎಚ್ಚರ. ಜರ್ಮನರ ‘ಜೆ’ ಅಕ್ಷರದ ಉಚ್ಚಾರ ‘ಯ’. ಹಾಗಾಗಿ ನಮ್ಮ ‘ಜ’ವನ್ನು ಕೆಲವರು ಡಿ, ಎಸ್, ಸಿ, ಎಚ್ ಎಂಬ ನಾಲ್ಕು ಅಕ್ಷರಗಳಲ್ಲಿ ಹಿಡಿಯಲು ನೋಡುತ್ತಾರೆ, ಇಂಗ್ಲಿಷ್ ರೂಢಿಯಾದವರು ‘ಜೆ’ ಎಂದೇ ಬರೆಯುತ್ತಾರೆ. ಧಾರವಾಡ, ಹುಬ್ಬಳ್ಳಿಗಳ ಸೀಮೆಯನ್ನು ಅವರು ದಕ್ಷಿಣ ಮರಾಠಾ ಎಂದು ಕರೆಯುತ್ತಿದ್ದರು, ಕರ್ನಾಟಕ ಎಂದು ಹುಡುಕಿದರೆ ಅದು ಸಿಗುವುದಿಲ್ಲ.

ಬಲ್ಮಠದ ಗುಡ್ಡ

ಮಂಗಳೂರಿನವನಾಗಿ ಒಂದು ಮಾತು. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲಾಗಾರವನ್ನು ಪೂರ್ತಿ ನೋಡಿದ್ದೀರಾ? ಮುದ್ರಣಾಲಯದ ಪುಸ್ತಕಗಳು ಅಲ್ಲಿವೆ. ಊರಿನಲ್ಲಿ ಇರುವುದನ್ನು ನೋಡದೆ ಏಳು ಸಾವಿರ ಕಿಲೋಮೀಟರು ಹಾರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅದಿರಲಿ, ನನ್ನ ಸಂಕಟ ಬೇರೆ. ಜೆಪ್ಪುವಿನಲ್ಲಿ ನೇತ್ರಾವತಿ ದಂಡೆಯ ಮೇಲೆ 1865ರಲ್ಲಿ ಹೆಂಚಿನ ಕಾರ್ಖಾನೆ ಆಯಿತು, ನೇಯ್ಗೆ ನಡೆಯಿತು, ಅಚ್ಚುಕೂಟ ನಡೆಯಿತು. ಬೆವರು ಸುರಿಸಿದವರು ನಮ್ಮ ಅಜ್ಜಂದಿರು, ಅವರ ವಿಷಯ ತಿಳಿಯಬೇಕಾದರೆ ವೀಸಾ ಬೇಕು! ಮಿಷನರಿಗಳು ಬಾಸೆಲ್‌ನ ಆಡಳಿತ ಸಮಿತಿಗೆ ಕಾಲಕಾಲಕ್ಕೆ ವರದಿ ಒಪ್ಪಿಸಲೇಬೇಕಿತ್ತು, ಹಾಗಾಗಿ ಕಾಗದವೆಲ್ಲ ಅಲ್ಲಿಗೆ ಸೇರಿತು ಎಂಬುದು ನನಗೂ ಗೊತ್ತು. ಗೊತ್ತಿದ್ದರೆ ಸಂಕಟ ಕಡಿಮೆಯಾಗುತ್ತದೆಯೇ?

ಮೊಳೆಗೂಡು

ಹಳೆ ಕಡತ ಅವರೇ, ನಿಮ್ಮ ಲ್ಯಾಟಿನ್ ಲಿಪಿಯ ಮಾತನ್ನು ಓದಿದ ಮೇಲೆ ನಿನ್ನೆ ರಾತ್ರಿ ನನ್ನ ಬಳಿಯಿದ್ದ ಒಂದು ಪತ್ರದ ಪ್ರತಿಯನ್ನು ಮತ್ತೆ ತೆಗೆದು, ಓದಲು ಹೋಗದೆ ಬರೀ ನೋಡಿದೆ. ಮೂರು ಪದಗಳು ತಾವಾಗಿಯೇ ಎದ್ದು ಬಂದವು: ಒಂದು ಊರು, ಒಂದು ‘ಮುನ್ಷಿ’, ಇನ್ನೊಂದು ಅರ್ಧ ಅಳಿಸಿದ ಹೆಸರು. ಎರಡು ತಿಂಗಳಿಂದ ಅದೇ ಹಾಳೆ ನನ್ನ ಮೇಜಿನ ಮೇಲಿತ್ತು.

ಬಲ್ಮಠದ ಗುಡ್ಡ ಅವರಿಗೆ: ಕಳೆದ ವರ್ಷ ಎರಡು ವಾರ ಅಲ್ಲಿಯೇ ಕೂತಿದ್ದೆ. ಪುಸ್ತಕಗಳನ್ನು ಕಂಡೆ, ಮುಖಪುಟದಲ್ಲಿ ಮುದ್ರಣಾಲಯದ ಹೆಸರನ್ನೂ ಇಸವಿಯನ್ನೂ ಕಂಡೆ. ಕೆಲಸಗಾರರು ಕಾಣಲಿಲ್ಲ. ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಸಂಗ್ರಹವನ್ನೂ ನೋಡಿ ಮುಗಿಸಿದ್ದೇನೆ. ಬಾಸೆಲ್ ನನ್ನ ಮೊದಲ ಆಯ್ಕೆಯಾಗಿರಲಿಲ್ಲ, ಉಳಿದ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಉಳಿದದ್ದು ಅದು. ನಿಮ್ಮ ಸಂಕಟ ನನ್ನದೂ ಹೌದು. ವೀಸಾ ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಎಂಬ ಕಡೆ ‘ನಮ್ಮವರ ಹೆಸರು ಹುಡುಕುವುದು’ ಎಂದು ಬರೆಯಬೇಕೆನ್ನಿಸಿತ್ತು, ‘ಸಂಶೋಧನೆ’ ಎಂದು ಬರೆದು ಸುಮ್ಮನಾದೆ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತಿದೆ. 1843ರ ಜುಲೈ 1ರಂದು ಬಾಸೆಲ್ ಮಿಷನರಿ ಮೋಗ್ಲಿಂಗ್ ಅವರು ತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ, ಎಂದರೆ ಕೈಯಿಂದ ಬರೆದದ್ದನ್ನು ಕಲ್ಲಿನ ಮೇಲಿಂದ ಅಚ್ಚೊತ್ತಿದ್ದು. ಆಗ ಅಲ್ಲಿ ಮೊಳೆಯೇ ಇರಲಿಲ್ಲ. ಎಂದರೆ ಕನ್ನಡದ ಮೊದಲ ಪತ್ರಿಕೆಯ ಪ್ರತಿಯೊಂದು ಅಕ್ಷರವೂ ಒಬ್ಬರ ಕೈಬರಹ. ಪ್ರತಿ ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸುತ್ತೇವೆ, ಸಂಪಾದಕರನ್ನು ನೆನೆಯುತ್ತೇವೆ. ಆ ದುಂಡನೆಯ ಕೈ ಯಾರದು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಎರಡನೇ ಕರಡು

ಉತ್ಸಾಹಕ್ಕೆ ತಣ್ಣೀರೆರಚುವ ಉದ್ದೇಶ ನನಗಿಲ್ಲ. ಆದರೂ, ಹೆಸರು ಸಿಗುತ್ತದೆ ಎಂಬ ನಂಬಿಕೆಯೊಂದನ್ನೇ ಕಟ್ಟಿಕೊಂಡು ಹೋದರೆ ನಾಲ್ಕನೆಯ ದಿನಕ್ಕೆ ಕುಸಿದು ಕೂರುತ್ತೀರಿ. ಆ ಪತ್ರಗಳನ್ನು ಯಾರು ಯಾರಿಗಾಗಿ ಬರೆದರು ಎಂದು ಯೋಚಿಸಿ. ಮಿಷನ್ ನಡೆಯುತ್ತಿದ್ದದ್ದು ಯುರೋಪಿನ ಭಕ್ತರ ಕಾಣಿಕೆಯಿಂದ. 1828ರಿಂದ ಪ್ರಕಟವಾಗುತ್ತಿದ್ದ ಅವರ ಪತ್ರಿಕೆಯನ್ನು ಓದುತ್ತಿದ್ದವರು ಆ ಕಾಣಿಕೆ ಕೊಡುವವರು. ಅವರಿಗೆ ಬೇಕಿದ್ದದ್ದು ಮತಾಂತರದ ಕಥೆಗಳು. ಮುದ್ರಣಾಲಯದ ಕೆಲಸಗಾರ ದೀಕ್ಷಾಸ್ನಾನ ಪಡೆದರೆ ಎರಡು ಪುಟ ಬರೆಯುತ್ತಾರೆ, ಹತ್ತು ವರ್ಷ ಒಂದೇ ಸಮನೆ ಮೊಳೆ ಜೋಡಿಸಿದರೆ ಒಂದು ಸಾಲೂ ಇಲ್ಲ. ಜೊತೆಗೆ ದೀಕ್ಷಾಸ್ನಾನವಾದ ಮೇಲೆ ಆತ ದಾನಿಯೇಲನೋ ಯಾಕೋಬನೋ ಆಗಿಬಿಡುತ್ತಾನೆ. ಮೊದಲ ಹೆಸರಿನ ಬಾಲ ಹಿಡಿದು ಹೋದವರಿಗೆ ಅಲ್ಲಿಗೆ ದಾರಿ ಕಡಿಯಿತು.

ಆದ್ದರಿಂದ ಪತ್ರದ ಪೆಟ್ಟಿಗೆಗಳನ್ನು ಎರಡನೆಯ ವಾರಕ್ಕೆ ತಳ್ಳಿ. ಮೊದಲು ಲೆಕ್ಕಪತ್ರಗಳನ್ನು ಕೇಳಿ. ಕಥೆ ಬರೆಯುವವನು ಬಡವನನ್ನು ಮರೆಯುತ್ತಾನೆ, ಲೆಕ್ಕ ಬರೆಯುವವನು ಮರೆಯುವ ಹಾಗಿಲ್ಲ. ಸಂಬಳ ಕೊಟ್ಟ ಮೇಲೆ ಯಾರಿಗೆ ಎಂದು ತೋರಿಸಲೇಬೇಕು. ಹೆಸರಿಲ್ಲದಿದ್ದರೂ ಎಷ್ಟು ಜನ, ಎಷ್ಟು ರೂಪಾಯಿ, ಯಾವ ತಿಂಗಳಲ್ಲಿ ಜನ ಕಡಿಮೆಯಾದರು ಎಂಬುದು ತಿಳಿದೀತು. ಅದರ ಪಕ್ಕದಲ್ಲಿ ಆ ವರ್ಷ ಅಚ್ಚಾದ ಪುಸ್ತಕಗಳ ಪಟ್ಟಿಯನ್ನು ಇಟ್ಟರೆ ನಿಮಗೊಂದು ಅಧ್ಯಾಯ ಸಿಗುತ್ತದೆ. ಆಮೇಲೆ ಛಾಯಾಚಿತ್ರಗಳು. ಅಂತರಜಾಲದಲ್ಲಿ ನೋಡಿದ್ದೇವೆ ಎಂದು ಬಿಡಬೇಡಿ. ಮೂಲ ಪ್ರತಿಯ ಬೆನ್ನು ಹಾಳೆಯಲ್ಲಿ, ರಟ್ಟಿನ ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿಗಳಿರುವುದು ಎಲ್ಲ ದಾಖಲಾಗಾರಗಳಲ್ಲೂ ಕಂಡ ಸಂಗತಿ.

ಪೆಟ್ಟಿಗೆ ಕಟ್ಟುವವರು

ವಿದ್ವಾಂಸರ ನಡುವೆ ನನ್ನದೊಂದು ಅಡುಗೆಮನೆಯ ಮಾತು. ನನ್ನ ಮಗಳು ಜರ್ಮನಿಯಲ್ಲಿ ಓದುತ್ತಿರುವುದರಿಂದ ಈ ಪೆಟ್ಟಿಗೆ ಕಟ್ಟುವ ಕೆಲಸ ನನಗೆ ಅಭ್ಯಾಸವಾಗಿದೆ. ಹಾಲಿನಿಂದ ಮಾಡಿದ ಪದಾರ್ಥವನ್ನು ಹೊರಗಿನಿಂದ ಒಯ್ಯಲು ಅಲ್ಲಿ ಅವಕಾಶವಿಲ್ಲ, ಆದ್ದರಿಂದ ತುಪ್ಪದ ಡಬ್ಬಿ, ಪೇಡ ಬೇಡ. ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ (ಎಣ್ಣೆಯದು) ಇಟ್ಟುಕೊಳ್ಳಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ನೀವು ಶನಿವಾರ ಸಂಜೆ ಇಳಿಯುವವರಾದರೆ ಆ ಅವಲಕ್ಕಿಯೇ ಎರಡು ಹೊತ್ತಿನ ಊಟ. ನಲ್ಲಿ ನೀರನ್ನು ಹಾಗೆಯೇ ಕುಡಿಯಬಹುದು. ನಮ್ಮ ಮೊಬೈಲಿನ ಎರಡು ದುಂಡು ಕಡ್ಡಿಯ ಚಾರ್ಜರ್ ಅಲ್ಲಿನ ಗೋಡೆಗೆ ಹಿಡಿಸುತ್ತದೆ, ಮೂರು ಕಡ್ಡಿಯ ಲ್ಯಾಪ್‌ಟಾಪ್ ಚಾರ್ಜರ್ ಹಿಡಿಸುವುದಿಲ್ಲ. ಬಾಸೆಲ್‌ನ ಹೋಟೆಲಿನಲ್ಲಿ ತಂಗಿದವರಿಗೆ ಊರಿನ ಟ್ರಾಮಿನಲ್ಲಿ ಉಚಿತವಾಗಿ ಓಡಾಡುವ ಕಾರ್ಡ್ ಕೊಡುತ್ತಾರೆ, ಕೇಳಿ ಪಡೆಯಿರಿ.

ಮೊಳೆಗೂಡು

ಅಮ್ಮ ಒಂದು ಲೀಟರ್ ತುಪ್ಪ ಕಾಯಿಸಿಟ್ಟಿದ್ದರು. ನಿಮ್ಮ ಮಾತನ್ನು ಓದಿ ಹೇಳಿದ ಮೇಲೆ ಅದು ಚಿಕ್ಕಮ್ಮನ ಮನೆಗೆ ಹೋಯಿತು.

ವೀಸಾ ಬಂದಿದೆ. ಶುಲ್ಕ 90 ಯೂರೋ, ಕಡಿಮೆಯೆಂದರೆ 30,000 ಯೂರೋ ವೆಚ್ಚ ಭರಿಸುವ ಪ್ರಯಾಣ ವಿಮೆ, ಬ್ಯಾಂಕಿನ ಪುಟಗಳು, ಆಹ್ವಾನ ಪತ್ರ. ನನಗೆ ನೆರವು ನೀಡುತ್ತಿರುವ ಸಂಸ್ಥೆಯ ಹಣ ಇನ್ನೂ ಕೈಸೇರಿಲ್ಲವಾದ್ದರಿಂದ ಟಿಕೆಟ್ಟಿಗೆ ಅಪ್ಪ ತಮ್ಮ ಠೇವಣಿ ಮುರಿದರು. ಅದನ್ನು ಹೇಳಿಕೊಳ್ಳುವುದು ಇಲ್ಲಿ ಅಪ್ರಸ್ತುತವೆಂದು ಕಂಡರೂ, 12 ದಿನ ಎಂದಾಗ ನನ್ನ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಎಂಬುದಕ್ಕೆ ಅದೂ ಒಂದು ಕಾರಣ.

ಎರಡನೇ ಕರಡು ಅವರ ಸಲಹೆಯ ಮೇಲೆ ಎರಡು ದಿನ ಯೋಚಿಸಿದೆ. ನಿಜ ಹೇಳಬೇಕೆಂದರೆ ಮೊದಲು ಕೋಪ ಬಂತು. ಆಮೇಲೆ ತಾತನ ನೆನಪಾಯಿತು. ಅವರ ಮೂವತ್ತು ವರ್ಷದ ದುಡಿಮೆಗೆ ಮನೆಯಲ್ಲಿ ಉಳಿದಿರುವ ಏಕೈಕ ಸಾಕ್ಷಿ ಅವರು ಅಚ್ಚು ಮಾಡಿದ ಪುಸ್ತಕವಲ್ಲ, ಒಂದು ಹರಿದ ಸಂಬಳದ ಚೀಟಿ. ಅದರಲ್ಲಿ ‘ಮುಂಗಡ ಕಡಿತ’ ಎಂದು ಬರೆದಿರುವ ತಿಂಗಳು ನಮ್ಮ ಅತ್ತೆಯ ಮದುವೆಯ ತಿಂಗಳು. ಇದನ್ನು ಎದುರಿಗಿಟ್ಟುಕೊಂಡೂ ನಾನು ಪತ್ರಗಳನ್ನೇ ಮೊದಲು ಕೇಳಿದ್ದೆ.

ಜರ್ಮನಿಯ ಟ್ಯೂಬಿಂಗೆನ್ ಅಲ್ಲಿಂದ ದೂರವಿಲ್ಲ ಎನ್ನುತ್ತಾರೆ. ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಅಲ್ಲಿ. ಒಂದು ದಿನ ಹೋಗಿ ಬರಲೇ?

ಹಳೆ ಕಡತ

ಬೇಡ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ, ಗುಂಡರ್ಟ್ ಎಂಬ ಬಾಸೆಲ್ ಮಿಷನರಿಯ ಸಂಗ್ರಹ ಮುಖ್ಯವಾಗಿ ಮಲಯಾಳಕ್ಕೆ ಸಂಬಂಧಿಸಿದ್ದು, ಅದರ ಬಹುಪಾಲು ಅಂತರಜಾಲದಲ್ಲಿಯೂ ಇದೆ. ಸಮಾಧಿಗೆ ಕೈಮುಗಿಯಲು ಒಂದು ದಿನ ಕಳೆದರೆ ನಿಮ್ಮಲ್ಲಿ ಉಳಿಯುವುದು ಹನ್ನೊಂದು. ಬಿಡುವು ಬೇಕೆನಿಸಿದರೆ ದಾಖಲಾಗಾರ ಮುಚ್ಚಿರುವ ದಿನ ಬಾಸೆಲ್‌ನ ಹಳೆಯ ಕಾಗದದ ಗಿರಣಿಗೆ ಹೋಗಿ. ಅದೀಗ ಕಾಗದ, ಬರಹ ಮತ್ತು ಮುದ್ರಣದ ವಸ್ತುಸಂಗ್ರಹಾಲಯ. ಸೀಸ ಕರಗಿಸಿ ಮೊಳೆ ಎರಕ ಹೊಯ್ಯುವುದು ಹೇಗೆಂದು ಕಣ್ಣಾರೆ ನೋಡಿದರೆ ಲೆಕ್ಕಪತ್ರದಲ್ಲಿ ಸೀಸದ ಖರ್ಚು ಕಂಡಾಗ ಅದು ಬರೀ ಸಂಖ್ಯೆಯಾಗಿ ಉಳಿಯುವುದಿಲ್ಲ.

ಇನ್ನೊಂದು: ಪೆನ್ನನ್ನು ಹೊರಗೇ ಬಿಟ್ಟು ಪೆನ್ಸಿಲ್ ಒಯ್ಯಿರಿ. ಬೇಕಾದ ಪೆಟ್ಟಿಗೆಗಳ ಸಂಖ್ಯೆಯನ್ನು ಮೊದಲೇ ಬರೆದು ಕಳಿಸಿ. ಅಲ್ಲಿನವರು ಸಹಾಯ ಮಾಡುವವರು, ಆದರೆ ಏನು ಬೇಕೆಂದು ನೀವು ಸ್ಪಷ್ಟವಾಗಿ ಹೇಳಬೇಕು.

ಬಲ್ಮಠದ ಗುಡ್ಡ

ಕೋಪದಲ್ಲಿ ಬರೆದಿದ್ದೆ, ಈಗ ಹರಸುತ್ತೇನೆ. ನೀವು ಮೊದಲಿಗರಲ್ಲ ಎಂಬುದನ್ನು ನೆನಪಿಸಬೇಕು. 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯ ಎಂಬ ಮಂಗಳೂರಿನ ಸಾರಸ್ವತ ತರುಣ 1846ರಲ್ಲಿ ಮೋಗ್ಲಿಂಗ್ ಜೊತೆ ಬಾಸೆಲ್‌ಗೆ ಹೋಗಿ, ಐದು ವರ್ಷ ಅಲ್ಲಿಯೇ ಓದಿ, 1851ರಲ್ಲಿ ಪಾದ್ರಿಯಾಗಿ ಮಂಗಳೂರಿಗೆ ಮರಳಿದರು. ಇಪ್ಪತ್ತೊಂದರ ಆಸುಪಾಸಿನ ವಯಸ್ಸು, ಹಿಂದೆ ಊರೆಲ್ಲ ಮುನಿದ ಮನೆ, ಮುಂದೆ ಹಿಮ. ನೀವು ಕೂರುವ ಮಿಷನ್ ಭವನ 1860ರದ್ದು, ಅವರು ಓದಿದ ಕಟ್ಟಡವಲ್ಲ. ಆದರೂ ಆ ಊರಿನ ರೈನ್ ನದಿಯನ್ನು ನೋಡುವಾಗ ನೇತ್ರಾವತಿಯ ದಂಡೆಯವರೊಬ್ಬರು ನಿಮಗಿಂತ ಮುಂಚೆ ಅದನ್ನು ಐದು ಚಳಿಗಾಲ ನೋಡಿದ್ದರು ಎಂದು ನೆನೆಯಿರಿ. ಹೆಸರೇನಾದರೂ ಸಿಕ್ಕರೆ ಮೊದಲು ಇಲ್ಲಿ ಬರೆಯಿರಿ. ಯಾವ ಕೇರಿಯವರೆಂದು ಹುಡುಕುವ ಕೆಲಸ ನನಗಿರಲಿ.

ಮೊಳೆಗೂಡು

ನಾಳೆ ಬೆಳಗಿನ ಜಾವದ ವಿಮಾನ. ಇಂದು ರಾತ್ರಿ ಒಂಬತ್ತಕ್ಕೆ ಬನಶಂಕರಿಯಿಂದ ವಿಮಾನ ನಿಲ್ದಾಣದ ವಾಯುವಜ್ರ ಬಸ್ಸು ಹತ್ತುತ್ತೇನೆ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಅಲ್ಲಿಂದ ಸುಮಾರು ಮೂರು ಗಂಟೆಯ ರೈಲು. ಅಪ್ಪ ಈಗಾಗಲೇ ನಾಲ್ಕು ಸಲ ಪಾಸ್‌ಪೋರ್ಟ್ ಎಲ್ಲಿದೆ ಎಂದು ಕೇಳಿದ್ದಾರೆ.

ಮೂರು ವಾರ ದಿನಕ್ಕೊಂದು ಪುಟ ಕುರೆಂಟ್ ಬರೆದೆ. ಮೊದಲ ವಾರದಲ್ಲಿ ನಾನು ಬರೆದದ್ದನ್ನು ನಾನೇ ಓದಲಾಗುತ್ತಿರಲಿಲ್ಲ. ನಿನ್ನೆ ಅಭ್ಯಾಸಕ್ಕೆಂದು ಇಟ್ಟುಕೊಂಡಿದ್ದ ಪತ್ರದ ಒಂದೂವರೆ ಪುಟವನ್ನು ನಲವತ್ತು ನಿಮಿಷದಲ್ಲಿ ಓದಿದೆ. ಆರು ಪದಗಳು ಉಳಿದವು. ಅರ್ಧ ಅಳಿಸಿದ ಆ ಹೆಸರು ಇನ್ನೂ ಹಾಗೆಯೇ ಇದೆ. ಮೊದಲ ಅಕ್ಷರ ‘ಎಸ್’ ಇರಬೇಕು, ಕೊನೆಯಲ್ಲಿ ‘ಪ್ಪ’ ಇರುವಂತಿದೆ. ಮೂಲ ಹಾಳೆಯನ್ನು ಬೆಳಕಿಗೆ ಹಿಡಿದರೆ ಕಂಡೀತು.

ದಾಖಲಾಗಾರದಿಂದ ಉತ್ತರ ಬಂದಿದೆ. ಸೋಮವಾರ ನನ್ನ ಮೇಜಿನ ಮೇಲೆ ಮೂರು ಪೆಟ್ಟಿಗೆಗಳನ್ನು ಇಟ್ಟಿರುತ್ತಾರಂತೆ, ಯಾವುದು ಮೊದಲು ಬೇಕೆಂದು ಕೇಳಿದ್ದರು. ಲೆಕ್ಕಪತ್ರದ ಪೆಟ್ಟಿಗೆ ಎಂದು ಬರೆದು ಕಳಿಸಿದ್ದೇನೆ.